ಬಾ ಮರಿ

ಆಟದಲ್ಲಿ ಮೈಮರೆತ ಮಕ್ಕಳನ್ನು ಮನೆಗೆ ಕರೆಯಬೇಕೆಂದರೆ ಅಮ್ಮಂದಿರು ಬಾಲ್ಕನಿಗೆ ಬಂದು ಗಂಟಲು ಹರಿದುಕೊಳ್ಳಬೇಕಾಗಿದ್ದ ಕಾಲ ಅದು. ಎಲ್ಲರ ಕೈಗೂ ಇನ್ನೂ ಮೊಬೈಲ್ ಬಂದಿರಲಿಲ್ಲ. ಅಪ್ಪನಿಗೆ ಬ್ಯಾಂಕಿನಲ್ಲಿ ಅರಸೀಕೆರೆಯಿಂದ ಸೂರತ್‌ಗೆ ವರ್ಗವಾಗಿತ್ತು. ಅಡಾಜಣ್‌ನ ಅಪಾರ್ಟ್‌ಮೆಂಟೊಂದರ ಎರಡನೇ ಮಹಡಿಯಲ್ಲಿ ನಾವಿದ್ದೆವು. ಇಡೀ ಕಟ್ಟಡದಲ್ಲಿ ಕನ್ನಡ ಬರುತ್ತಿದ್ದದ್ದು ಅಪ್ಪ, ಅಮ್ಮ, ನಾನು, ಮತ್ತೆ ಅಮ್ಮನ ದೇವರ ಗೂಡಿನಲ್ಲಿ ಕೂತಿದ್ದವರಿಗೆ ಮಾತ್ರ.

ನಾನು ಹೇಳಹೊರಟಿರುವುದು ಅಲ್ಲಿಯ ಒಂದು ಚಳಿಗಾಲದ ಕಥೆ. ಶಾಲೆಯಿಂದ ಬಂದವಳೇ ಚೀಲ ಎಸೆದು ಕೆಳಗೆ ಓಡುತ್ತಿದ್ದೆ. ನಮ್ಮ ಲಗೋರಿಗೆ ಅಲ್ಲಿಯವರು ಸಾತೋಡಿಯು ಅನ್ನುತ್ತಿದ್ದರು. ಹೆಸರು ಬೇರೆಯಾದರೂ ಚೆಂಡು ಬೆನ್ನಿಗೆ ಬಿದ್ದರೆ ಉರಿ ಒಂದೇ. ನೆಲಮಹಡಿಯ ಹಂಸಾಬೆನ್ ಅಡುಗೆಮನೆಯಿಂದ ಇಂಗು, ಮೆಂತ್ಯದ ಒಗ್ಗರಣೆ ವಾಸನೆ ಬರುತ್ತಿತ್ತು. ಅವರ ವರಾಂಡದ ಉಯ್ಯಾಲೆಯಲ್ಲಿ ಅವರ ಅತ್ತೆ ಕಾಲು ಮಡಿಸಿ ಕೂತು ನಮ್ಮ ಆಟ ನೋಡುತ್ತಿದ್ದರು. ಎಳೆ ಜೋಳದ ತೆನೆ ಸುಟ್ಟು ಉದುರಿಸಿದ ಪೋಂಕ್ ಬರುವ ಕಾಲ. ಅದನ್ನು ನಿಂಬೆಹುಳಿಯ ಸೇವ್ ಜೊತೆ ಬಾಯಿಗೆ ಹಾಕಿಕೊಂಡು ಹಲ್ಲಿಲ್ಲದ ಒಸಡಲ್ಲೇ ಮೆಲ್ಲುತ್ತಿದ್ದ ಆ ಮುದುಕಿಯನ್ನು ಊರೆಲ್ಲ ಬಾ ಎಂದೇ ಕರೆಯುತ್ತಿತ್ತು. ಗುಜರಾತಿಯಲ್ಲಿ ಮನೆಯ ಹಿರಿಯ ಹೆಂಗಸಿಗೆ ಹಾಗನ್ನುತ್ತಾರೆ.

ಹೊತ್ತು ಮುಳುಗುತ್ತಿದ್ದಂತೆ ನಮ್ಮಮ್ಮ ಮೇಲಿನಿಂದ ಕೂಗುತ್ತಿದ್ದಳು: "ಬಾ ಮರೀ! ದೀಪ ಹಚ್ಚೋ ಹೊತ್ತಾಯ್ತು, ಬಾ ಮರೀ!"

ಗುಜರಾತಿಯಲ್ಲಿ 'ಮರೀ' ಎಂದರೆ ಸತ್ತಳು. ಅಮ್ಮ ಅಷ್ಟು ಪ್ರೀತಿಯಿಂದ ಕೂಗುತ್ತಿದ್ದದ್ದು ಇಡೀ ಕಟ್ಟಡಕ್ಕೆ "ಬಾ ಸತ್ತಳು" ಅಂತ ಕೇಳಿಸುತ್ತಿತ್ತು. ಮೊದಲ ದಿನ ಮೂರು ಮನೆಯವರು ಓಡಿ ಬಂದರು. ಬಾ ಮಾತ್ರ ಉಯ್ಯಾಲೆಯಲ್ಲೇ ಹೊಟ್ಟೆ ಹಿಡಿದುಕೊಂಡು ನಕ್ಕು, "ನಥೀ ಮರೀ! ಹಜೀ ಬೇಠೀ ಛು!" ಎಂದು ಮೇಲಕ್ಕೆ ಕೂಗಿದರು. ಸತ್ತಿಲ್ಲ, ಇನ್ನೂ ಕೂತಿದೀನಿ!

ವಿಷಯ ತಿಳಿದು ಅಮ್ಮನ ಜೀವ ಬಾಯಿಗೆ ಬಂತು. ಅವಳು ಅಸ್ತು ದೇವತೆಗಳನ್ನು ನಂಬಿದವಳು. ಮುಸ್ಸಂಜೆಯಲ್ಲಿ ಅವರು ಮನೆಗಳ ಮೇಲೆ ಸುಳಿದಾಡುತ್ತಿರುತ್ತಾರಂತೆ, ಕೇಳಿಸಿದ ಮಾತಿಗೆಲ್ಲ ಅಸ್ತು ಅನ್ನುತ್ತಾರಂತೆ. ಹಾಗಾಗಿ ಆ ಹೊತ್ತಲ್ಲಿ ಡಬ್ಬಿಯಲ್ಲಿ ಅಕ್ಕಿ ಖಾಲಿಯಾಗಿದ್ದರೂ 'ತುಂಬಿದೆ' ಅನ್ನಬೇಕು. ನಾನು ಒಮ್ಮೆ ಕೇಳಿದ್ದೆ, "ಅಮ್ಮ, ಅಸ್ತು ದೇವತೆಗಳಿಗೆ ಗುಜರಾತಿ ಬರುತ್ತಾ?" ಅಂತ.

"ದೇವರಿಗೆ ಬರದೇ ಇರೋ ಭಾಷೆ ಇದೆಯೇನೇ ಪೆದ್ದಿ?" ಎಂದಿದ್ದಳು, ಹೆಮ್ಮೆಯಿಂದ.

ಮರುದಿನ ಸಂಜೆ ಅಮ್ಮ ಕೂಗಲಿಲ್ಲ, ಸೆರಗು ಸಿಕ್ಕಿಸಿಕೊಂಡು ಕೆಳಗಿಳಿದು ಬಂದು ನನ್ನ ಕೈ ಹಿಡಿದಳು. ಬಾ ಅವಳನ್ನು ಹತ್ತಿರ ಕರೆದು ಹಿಂದಿಯಲ್ಲಿ ಗದರಿದರು. ಸುಳ್ಳು ಸಾವಿನ ಸುದ್ದಿ ಹಬ್ಬಿದರೆ ಆಯಸ್ಸು ಹೆಚ್ಚುತ್ತದೆ, ನಿನಗಷ್ಟೂ ಗೊತ್ತಿಲ್ಲವಾ? ಕೂಗು, ದಿನಾ ಕೂಗು. ನಮ್ಮೂರಲ್ಲೂ ಹಾಗೆ ಅನ್ನುವುದು ಅಮ್ಮನಿಗೆ ನೆನಪಾಯಿತು. ಆಮೇಲೆ ಅದೊಂದು ಆಟವೇ ಆಯಿತು. ಅಮ್ಮ ಮೇಲಿನಿಂದ ಕೂಗುವುದು, ಬಾ ಕೆಳಗಿನಿಂದ ಉತ್ತರ ಕೊಡುವುದು, ನಾವು ಹುಡುಗರು ಬಿದ್ದು ಬಿದ್ದು ನಗುವುದು.

ನಗದೇ ಇದ್ದವರು ಹಂಸಾಬೆನ್ ಒಬ್ಬರೇ. ಗಂಡ ಪಾಂಡೇಸರಾದ ಬಣ್ಣದ ಮಿಲ್ಲಿಗೆ ಹೊರಟುಹೋದರೆ ಇಡೀ ದಿನ ಮುದುಕಿಯನ್ನು ಏಳಿಸಿ ಕೂರಿಸುವುದು, ಒರೆಸುವುದು ಅವರ ಪಾಲಿಗೆ. ಒಗೆದ ಸೀರೆ ಕೊಡವುತ್ತಾ "ಮರೇ ತೋ ಛೂಟೂ" ಎನ್ನುತ್ತಿದ್ದರು. ಸತ್ತರೆ ಸಾಕು, ಬಿಡುಗಡೆ. ಗೊಣಗುವುದೂ ಅಲ್ಲ, ಬಾ ಕಿವಿಗೆ ಬೀಳುವ ಹಾಗೇ ಅನ್ನುತ್ತಿದ್ದರು. ಮುಸ್ಸಂಜೆಯಲ್ಲೂ ಅಂದದ್ದನ್ನು ನಾನೇ ಕೇಳಿದ್ದೇನೆ.

ಸಂಕ್ರಾಂತಿ ಇನ್ನೇನು ಬಂತು ಅನ್ನುವಾಗ, ಒಂದು ಬೆಳಿಗ್ಗೆ ಬಾ ಏಳಲಿಲ್ಲ.

ಅವರ ಪದ್ಧತಿಯಂತೆ ಸಂತಾಪಕ್ಕೆ ಕೂರುವ ದಿನ, ಕೆಳಗಿನ ಅಂಗಳದಲ್ಲಿ ಜಮಖಾನ ಹಾಸಿ ಹೆಂಗಸರೆಲ್ಲ ಬಿಳಿ ಸೀರೆಯಲ್ಲಿ ಕೂತಿದ್ದರು. ಅಮ್ಮ ನನ್ನನ್ನೂ ಕರೆದುಕೊಂಡು ಹೋದಳು. ಅತ್ತೂ ಅತ್ತೂ ಅವಳ ಮುಖ ಊದಿತ್ತು. ಜಮಖಾನದ ಅಂಚಿಗೆ ಕಾಲಿಟ್ಟಿದ್ದಳೋ ಇಲ್ಲವೋ, ಹಂಸಾಬೆನ್ ಎದ್ದು ನಿಂತರು. "ಹವೇ ಪಾಡೋ ಬೂಮ್! ಕೂಗು ಈಗ! ದಿನಾ ಸಂಜೆ ನಮ್ಮ ಬಾ ಸಾವನ್ನು ಕರೆದೆಯಲ್ಲ, ಬಂತು ನೋಡು!" ಎಂದು ಎದೆ ಬಡಿದುಕೊಂಡರು. ಹಿಂದಿನ ಸಾಲಿನಿಂದ ಯಾರೋ "ಡಾಕಣ್" ಎಂದರು. ಮಾಟಗಾತಿ. ಬಾ ಜೊತೆ ಸೇರಿ ನಕ್ಕಿದ್ದ ಹೆಂಗಸರೇ ಅಲ್ಲಿದ್ದವರೆಲ್ಲ. ಈಗ ಹಂಸಾಬೆನ್ ಬೆನ್ನು ಸವರುತ್ತಿದ್ದರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದೆಂದರೆ ಇದೇ. ಸಾಯಲಿ ಎಂದು ಬಾಯಿ ತುಂಬ ಅಂದವರಿಗೆ ಏನೂ ತಟ್ಟಲಿಲ್ಲ. ಬಾರೇ ಮಗಳೇ ಎಂದು ಕರೆದವಳು ಕೊಲೆಗಾತಿಯಾದಳು. ಹಂಸಾಬೆನ್ ತಮ್ಮ ಬಾಯಿಯ ಪಾಪವನ್ನು ನಮ್ಮಮ್ಮನ ಬಾಯಿಗೆ ಒರೆಸಿ ಕೈ ತೊಳೆದುಕೊಂಡರು. ಇಷ್ಟು ವರ್ಷವಾದರೂ ಅವರನ್ನು ಕ್ಷಮಿಸಲು ನನ್ನಿಂದಾಗಿಲ್ಲ.

ಅಪ್ಪನಾದರೂ ಅಮ್ಮನ ಪರ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಅವರು ಇದೆಲ್ಲ ಮೌಢ್ಯ ಅಂತ ಸತ್ಯನಾರಾಯಣ ಪೂಜೆಗೂ ಕೂರದ ಮನುಷ್ಯ. ಶೂ ಬಿಚ್ಚುತ್ತಾ ಎಲ್ಲ ಕೇಳಿಸಿಕೊಂಡು, "ಇವತ್ತಿಂದ ಬಾಲ್ಕನೀಲಿ ನಿನ್ನ ಬಾಯಿ ಕೇಳಿಸಕೂಡದು" ಎಂದರು.

"ನೀವೂ ಹಾಗೇ ಅಂದ್ಕೊಂಡಿದೀರಾ?"

"ನಾನು ಏನಂದ್ಕೊಂಡ್ರೆ ಏನು? ನಾಲ್ಕು ಜನದ ಮಧ್ಯೆ ಇರಬೇಕಾದೋನು ನಾನು. ನಿನ್ನ ನಾಲಿಗೆ ದೆಸೆಯಿಂದ ತಲೆ ತಗ್ಗಿಸಿಕೊಂಡು ಓಡಾಡಬೇಕಾ?"

ನಂಬಿಕೆಯಿಂದ ಅಂದಿದ್ದರೆ ಅಮ್ಮ ಸಹಿಸುತ್ತಿದ್ದಳೇನೋ. ನಂಬದೆಯೇ ಅಂದರು.

ಅದಾದ ಮೇಲೂ ಅಮ್ಮ ಸಂಕ್ರಾಂತಿ ಬಿಡಲಿಲ್ಲ. ಎಳ್ಳು ಬೀರಿದರೆ ಎಲ್ಲ ಸರಿಹೋಗುತ್ತದೆ ಎಂದು ಅವಳ ಲೆಕ್ಕ. ಕೊಬ್ಬರಿ, ಬೆಲ್ಲ ಸಣ್ಣಗೆ ಕತ್ತರಿಸಿ ಒಣಗಿಸಿದಳು, ಎಳ್ಳು ಹುರಿದಳು, ಸಕ್ಕರೆ ಅಚ್ಚು ಎರೆದಳು. ನಮ್ಮ ಕಡೆ ಎಳ್ಳು ಬೆಲ್ಲ ಕೊಡುವಾಗ ಹೇಳುವ ಮಾತನ್ನು ನನ್ನ ಹತ್ತಿರ ಹಿಂದಿಯಲ್ಲಿ ಹೇಳಿಸಿಕೊಂಡು ಬಾಯಿಪಾಠ ಮಾಡಿದಳು: ತಿಲ್ ಗುಡ್ ಖಾವೋ, ಅಚ್ಛಾ ಬೋಲೋ.

ಹಬ್ಬದ ದಿನ ಊರಿಗೆ ಊರೇ ಗಾಳಿಪಟ ಹಿಡಿದು ತಾರಸಿ ಹತ್ತಿತ್ತು. ತಾರಸಿಯ ಮೋಟುಗೋಡೆಗಳ ಮೇಲೆಲ್ಲ ಕೇಕೆ, ಮೆಟ್ಟಿಲ ತುಂಬ ಹಬ್ಬದ ತರಕಾರಿ ಪಲ್ಯ ಊಂಧಿಯು ಬೇಯುವ ಘಮ. ಲಂಗ ಉಟ್ಟು, ತಟ್ಟೆ ಹಿಡಿದು ಅಮ್ಮನ ಹಿಂದೆ ನಡೆದೆ. ಮೊದಲ ಬಾಗಿಲು ತೆರೆಯಲಿಲ್ಲ, ಒಳಗೆ ಟಿವಿ ಕೇಳಿಸುತ್ತಿತ್ತು. ಎರಡನೆಯ ಬಾಗಿಲು ತೆರೆದು ಅಮ್ಮನ ಮುಖ ನೋಡಿ ಮುಚ್ಚಿಕೊಂಡಿತು. ಮೂರನೇ ಮಹಡಿಯ ಕೋಕಿಲಾಬೆನ್ ಮಾತ್ರ ಹೊರಗೆ ಬಂದರು. ಅವರ ಸೊಸೆ ಬಸುರಿ, ಬಾಗಿಲ ಹಿಂದೆ ಹೊಟ್ಟೆ ಮುಚ್ಚಿಕೊಂಡು ನಿಂತಿದ್ದಳು. ಕೋಕಿಲಾಬೆನ್ ಕೆಟ್ಟವರಲ್ಲ, ಕೈ ಮುಗಿದೇ ಹೇಳಿದರು: "ರಖ್ ದೋ ಭಾಭಿ. ಬಸ್, ಕುಛ್ ಬೋಲ್ನಾ ಮತ್." ಇಟ್ಟು ಹೋಗಿ, ಮಾತು ಮಾತ್ರ ಆಡಬೇಡಿ.

ಅಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಹೊಸ್ತಿಲ ಹೊರಗೆ ಪೊಟ್ಟಣ ಇಟ್ಟಳು. ನನಗೆ ಕೋಪ ಉಕ್ಕಿತು. "ಅಚ್ಛಾ ಬೋಲೋ!" ಎಂದು ಕಿರುಚಲು ಹೊರಟೆ. ಅಮ್ಮ ಗಬಕ್ಕನೆ ನನ್ನ ಬಾಯಿ ಮುಚ್ಚಿದಳು. ಹುರಿದ ಎಳ್ಳಿನ ವಾಸನೆಯ ಆ ಅಂಗೈಯನ್ನು ಮೆಟ್ಟಿಲು ಇಳಿಯುವವರೆಗೂ ತೆಗೆಯಲಿಲ್ಲ. ಆಗಲೇ ನನಗೆ ಗೊತ್ತಾಯಿತು, ಅವಳೂ ನಂಬಿಬಿಟ್ಟಿದ್ದಾಳೆ ಅಂತ. ಹಂಸಾಬೆನ್ ಹೊರಿಸಿದ್ದನ್ನು ಕೊಡವಿಕೊಳ್ಳಬಹುದಿತ್ತು, ಅಸ್ತು ದೇವತೆಗಳು ಕೇಳಿಸಿಕೊಂಡದ್ದನ್ನು ಹೇಗೆ? ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ ಅಂದವಳು ತಾನೇ ಅಲ್ಲವೇ?

ಅವತ್ತು ಸಂಜೆ ದೀಪ ಹಚ್ಚಿದವಳು ಕತ್ತಲಾಗುವವರೆಗೆ ತುಟಿ ಬಿಚ್ಚಲಿಲ್ಲ. ಮರುದಿನವೂ ಇಲ್ಲ. ನನ್ನನ್ನು ಕರೆಯಲು ಬಾಲ್ಕನಿಯ ಕಂಬಿಗೆ ಸೌಟು ಬಡಿಯತೊಡಗಿದಳು. ಆ ಸದ್ದಿಗೆ ಹುಡುಗರು ಡಾಕಣ್ ಬಂದಳು ಎಂದು ಕೂಗಿ ಓಡಿಹೋಗುತ್ತಿದ್ದರು. ಆಟಕ್ಕೆ ಇಳಿಯುವುದನ್ನೇ ಬಿಟ್ಟೆ.

ಆಮೇಲೆ ವಡೋದರಾ, ಅಲ್ಲಿಂದ ತಿರುಗಿ ಅರಸೀಕೆರೆ. ಮರಿ ಎಂದರೆ ಬರೀ ಮಗು ಎಂದಾಗುವ ಊರಿಗೆ ಬಂದರೂ ಆ ಮಾತು ಅಮ್ಮನ ಬಾಯಿಂದ ಬರಲಿಲ್ಲ. ಮುಸ್ಸಂಜೆಯ ಬಾಯಿಬೀಗ ತೆಗೆಯಲೂ ಇಲ್ಲ. ನೆಂಟರು ಅದಕ್ಕೆ ಮೌನವ್ರತ ಎಂದು ಹೆಸರಿಟ್ಟರು. ಎಂಥ ನಿಷ್ಠೆ, ಎಂಥ ಸಾಧನೆ ಎಂದು ಮದುವೆಮನೆಗಳಲ್ಲಿ ಅವಳ ಕಾಲು ಮುಟ್ಟಿದರು. ಭಯಕ್ಕೆ ಇಷ್ಟು ಮರ್ಯಾದೆ ಸಿಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ನನ್ನನ್ನು ಕೇಳಿದರೆ, ನಾವು ಕೈ ಮುಗಿಯುವ ಎಷ್ಟೋ ಭಕ್ತಿಯ ಒಳಗೆ ಹೀಗೆ ಯಾರೋ ಬಾಯಿ ಮುಚ್ಚಿಸಿದ ಒಬ್ಬ ಹೆಂಗಸು ಇರುತ್ತಾಳೆ.

ಹೊತ್ತು ಮುಳುಗುವಾಗ ಅಮ್ಮನ ದನಿ ಕೇಳಿ ಮನೆಗೆ ಓಡಿಬಂದ ನೆನಪು ನಿಮಗೆಲ್ಲ ಇರುತ್ತದೆ. ನನಗೂ ಇತ್ತು. ಕಾಲು ತೊಳೆಸುತ್ತಾ ಅವಳು ಕೇಳುತ್ತಿದ್ದ ಪ್ರಶ್ನೆಗಳು, ದೀಪದ ಮುಂದೆ ಕೂತು ಹೇಳಿಕೊಡುತ್ತಿದ್ದ ಮಗ್ಗಿ, ಹಾಡು, ಬೈಗುಳ ಎಲ್ಲ ಆ ಒಂದು ಹೊತ್ತಿನವು. ದಿನಕ್ಕೊಂದು ಹೊತ್ತಿನಂತೆ ಅಮ್ಮನ ಅಷ್ಟು ಮಾತು ನನಗೆ ಸಿಗದೇ ಹೋಯಿತು. ಅದನ್ನು ಯಾರು ತಂದುಕೊಡುತ್ತಾರೆ?

ಈಗ ನನ್ನ ಸಂಸಾರ ಅಹಮದಾಬಾದಿನ ನವರಂಗಪುರದಲ್ಲಿ. ಅಪ್ಪ ಅಮ್ಮ ನಮ್ಮ ಜೊತೆಗೇ ಇದ್ದಾರೆ. ಗುಜರಾತಿಯಲ್ಲೇ ಕನಸು ಕಾಣುವ ನನ್ನ ಮಗಳು ಮೊನ್ನೆ ಸಂಜೆ ತನ್ನ ಮುರುಕು ಕನ್ನಡದಲ್ಲಿ ಕೇಳಿದಳು: "ತಾತ, ಅಜ್ಜಿ ಈವ್ನಿಂಗ್ ಆದ್ರೆ ಯಾಕೆ ಮಾತಾಡಲ್ಲ?"

ಅಪ್ಪ ಕಾಫಿ ಲೋಟ ಕೆಳಗಿಟ್ಟು, "ಅದು ನಿಮ್ಮಜ್ಜಿ ಭಕ್ತಿ ಕಣಮ್ಮ" ಎಂದರು.

ಅಮ್ಮ ಎದುರಿಗೇ ಕೂತಿದ್ದಳು. ತಲೆಯೆತ್ತಿ ಅಪ್ಪನನ್ನು ನೋಡಿದಳು. ಹೊರಗೆ ಇನ್ನೂ ಪೂರ್ತಿ ಕತ್ತಲಾಗಿರಲಿಲ್ಲ.