ಸುಮಿಯ ‘ಕರೆಂಟ್ ಹೋತು’

2006ರ ಬೇಸಿಗೆಯಲ್ಲಿ ಮುಧೋಳದಿಂದ ಬನಹಟ್ಟಿಯ ಅಕ್ಕನ ಮನೆಗೆ ಕೆಲವು ದಿನ ಇದ್ದು ಬರಲು ಹೋಗಿದ್ದೆ. ಮನೆಯ ಹಿಂಭಾಗದಲ್ಲೇ ಭಾವನ ಪವರ್‌ಲೂಮ್ ಮಗ್ಗಗಳು. ಬೆಳಗಾದರೆ ಸಾಕು, ಕಟಕಟ ಸದ್ದು. ಅಲ್ಲಿ ಮಾತಾಡಬೇಕೆಂದರೆ ಕೂಗಬೇಕು. ನಾನು ಮೊದಲೇ ಬಾಯಿಬಡಕಿ, ನನಗೇನೂ ತೊಂದರೆಯಾಗಲಿಲ್ಲ.

ಅಕ್ಕನ ಮಗಳು ಸುಮಿಗೆ ಆಗ ಆರು ವರ್ಷ. ಬೆಳಗಾವಿಯ ಡಾಕ್ಟರು ಆಟಿಸಂ ಎಂದಿದ್ದರು. ನೀರು ಬೇಕು, ಹಸಿವಾಗಿದೆ ಎಂದು ಅವಳು ಒಮ್ಮೆಯೂ ಬಾಯಿಬಿಟ್ಟು ಕೇಳಿದವಳಲ್ಲ. ಬೇರೆಯವರು ಆಡಿದ್ದನ್ನೇ ತಿರುಗಿ ಹೇಳುತ್ತಿದ್ದಳು. ಅದರಲ್ಲೂ ‘ಕರೆಂಟ್ ಹೋತು, ಕರೆಂಟ್ ಹೋತು’ ಎಂಬುದು ದಿನವಿಡೀ. ನೋಡಿದರೆ ಫ್ಯಾನು ತಿರುಗುತ್ತಲೇ ಇರುತ್ತಿತ್ತು!

“ಸುಮ್ನ ಗಿಣಿ ಮಾತಾಡಿದಂಗ, ತಂಗಿ. ನನ್ನ ಮಗಳು ಈ ಜನ್ಮದಾಗ ನನಗ ತಾನಾಗಿ ಏನರ ಒಂದ್ ಹೇಳ್ತಾಳೋ ಇಲ್ಲೋ,” ಎಂದು ಅಕ್ಕ ಕಣ್ಣೊರೆಸಿಕೊಂಡಳು.

ನನಗೆ ಮಾತ್ರ ತಲೆಯಲ್ಲಿ ಹುಳ ಬಿಟ್ಟಂತಾಯಿತು. ಇಷ್ಟೆಲ್ಲ ಮಾತು ಕಿವಿಗೆ ಬೀಳುವಾಗ ಹುಡುಗಿ ಇದೊಂದನ್ನೇ ಯಾಕೆ ಹಿಡಿದಿದ್ದಾಳೆ? ಅವಳ ಬೆನ್ನು ಹತ್ತಿದೆ. ಮಿಕ್ಸರ್ ಹಚ್ಚಿದರೆ ಅದೇ ಮಾತು. ಮಗ್ಗದ ಕೋಣೆಯ ಬಾಗಿಲು ತೆರೆದರೆ ಅದೇ ಮಾತು. ಕುಕ್ಕರ್ ಸೀಟಿ ಹೊಡೆದರೂ ಅದೇ.

ಒಂದು ಮಧ್ಯಾಹ್ನ ನಿಜವಾಗಿಯೂ ಕರೆಂಟು ಹೋಯಿತು. ‘ಕರೆಂಟ್ ಹೋತು’ ಎಂದು ಎಲ್ಲರೂ ಗೊಣಗುತ್ತ ಹೊರಗೆ ಬಂದರು. ಸುಮಿ ಮಾತ್ರ ಕಿವಿಯ ಮೇಲಿನ ಕೈ ತೆಗೆದು, ಹಾಸುಗಲ್ಲಿನ ಮೇಲೆ ಮೈಚೆಲ್ಲಿ ನಕ್ಕಳು. ಒಂದು ಮಾತೂ ಇಲ್ಲ.

ನನಗೆ ಆಗ ಹೊಳೆಯಿತು. ಈ ಮನೆಯಲ್ಲಿ ದೊಡ್ಡವರು ಆ ಮಾತು ಆಡಿದಾಗಲೆಲ್ಲ ಸದ್ದು ನಿಂತಿರುತ್ತದೆ. ಹಾಗಾದರೆ ಈ ಹುಡುಗಿ ಇಷ್ಟು ದಿನ ‘ಸದ್ದು ನಿಲ್ಲಿಸಿ’ ಎನ್ನುತ್ತಿದ್ದಾಳಲ್ಲ!

ಕರೆಂಟು ಬಂದು ಮಗ್ಗಗಳು ಶುರುವಾದವು. ಸುಮಿ ಕಿವಿ ಮುಚ್ಚಿಕೊಂಡು ಮತ್ತೆ ಹಾಗೇ ಅಂದಳು. ಒಮ್ಮೆ ಎಲ್ಲ ಬಂದ್ ಮಾಡಿರೆಂದು ಭಾವನಿಗೆ ದುಂಬಾಲು ಬಿದ್ದೆ. ಸಂಜೆಯೊಳಗೆ ಸೀರೆ ಮುಗಿಸಬೇಕಿತ್ತು, ಆದರೂ ನನ್ನ ಹುಚ್ಚಿಗೆ ನಕ್ಕು ಸ್ವಿಚ್ ಆರಿಸಿದರು. ಸುಮಿ ಎದ್ದು ಬಂದಳು. ಅಪ್ಪನ ಕೈ ಹಿಡಿದು, ಅದನ್ನು ಸ್ವಿಚ್ಚಿನ ಮೇಲಿಟ್ಟು, ಮತ್ತೆ ಹಚ್ಚಗೊಡದ ಹಾಗೆ ತನ್ನ ಎರಡೂ ಕೈಯಿಂದ ಒತ್ತಿ ಹಿಡಿದಳು. ಭಾವನ ನಗು ಅಲ್ಲೇ ನಿಂತಿತು.

“ಆಕಿ ಹೇಳಾಕತ್ತಿದ್ಲರಿ,” ಎಂದಳು ಅಕ್ಕ ಗಂಡನಿಗೆ. “ನಮಗಽ ತಿಳೀಲಿಲ್ಲ.”

ಹೊಟ್ಟೆಪಾಡಿನ ಮಗ್ಗ, ನಿಲ್ಲಿಸಿ ಕೂರುವಂತಿರಲಿಲ್ಲ. ಆದರೆ ಅಂದಿನಿಂದ ಸುಮಿ ಹಾಗೆ ಅಂದ ಕೂಡಲೇ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ಅವಳನ್ನು ಊರಾಚೆಯ ಹೊಲದ ಕಡೆ ಕರೆದೊಯ್ಯತೊಡಗಿದಳು. ನನಗಂತೂ ಅಕ್ಕನ ಮುಖದಲ್ಲಿ ನಗು ಕಂಡು ಹಿಗ್ಗೋ ಹಿಗ್ಗು. ಆದರೂ ಆ ಕೂಸು ಅಷ್ಟು ಸದ್ದಿನ ನಡುವೆ ಒಂದೇ ಸಮನೆ ಬೇಡಿಕೊಳ್ಳುತ್ತಿದ್ದುದನ್ನು ಇಂದಿಗೂ ಮರೆಯಲಾಗಿಲ್ಲ.