ಟ್ಯಾಂಕಿನ ಬಾಯಿ, ಟ್ಯಾಂಕಣ್ಣನ ಹೊಟ್ಟೆ

“ಮೊದಲು ಪಾದ ಹೋಯ್ತು. ಆಮೇಲೆ ಮೊಣಕಾಲು, ತೊಡೆ. ಅಲ್ಲೀವರೆಗೂ ಏನೂ ಗೊತ್ತಾಗ್ಲಿಲ್ಲ ನೋಡಿ. ಒಳಗಿನ ಏಣಿ ಕಾಲಿಗೆ ಸಿಕ್ತು, ಇನ್ನೇನು ಇಳಿದೆ ಅಂದ್ಕೊಂಡೆ. ಅಷ್ಟರಲ್ಲಿ ಹೊಟ್ಟೆ ಬಂತು. ಬಂದಿದ್ದು ಅಲ್ಲೇ ನಿಂತ್ಕೊಂಡ್ಬಿಡ್ತು. ಉಸಿರು ಬಿಟ್ಟೆ, ಹೋಗ್ಲಿಲ್ಲ. ಉಸಿರು ಎಳ್ಕೊಂಡೆ, ಇನ್ನೂ ಬಿಗಿಯಾಯ್ತು. ಸರಿ, ಮೇಲೆ ಬರೋಣ ಅಂದ್ರೆ ಅದೂ ಇಲ್ಲ. ಅರ್ಧ ಮನುಷ್ಯ ಟ್ಯಾಂಕಿನ ಒಳಗೆ, ಅರ್ಧ ಮನುಷ್ಯ ತಾರಸಿ ಮೇಲೆ. ಬಾಟಲಿಗೆ ಬಿರಡೆ ಹಾಕಿರ್ತಾರಲ್ಲ, ಹಾಗೆ. ನಮ್ಮ ಕಡ್ಡಿ ನನ್ನ ಕಂಕುಳಿಗೆ ಕೈ ಹಾಕಿ ಎಳೀತಾನೆ. ಅವನ ಮೈಯಲ್ಲಿ ಏನಿದೆ ಎಳೆಯೋಕೆ? ಅವನೇ ಬಂದು ನನ್ನ ಮೇಲೆ ಬಿದ್ದ. ಅಲ್ಲೇ ಮೂರನೇ ಮಹಡಿ ಅಮ್ಮ ಬಟ್ಟೆ ಒಣಗಿಸ್ತಿದ್ರು. ‘ಯಾಕಣ್ಣಾ, ನೀರು ಯಾವಾಗ ಬರುತ್ತೆ?’ ಅಂತ ಕೇಳಿದ್ರು. ‘ನಾನು ಹೊರಗೆ ಬಂದ ಮೇಲೆ ಬರುತ್ತೆ ಅಮ್ಮಾ’ ಅಂದೆ. ಇನ್ನೇನು ಹೇಳ್ಲಿ?”

ಈಗ ಟ್ಯಾಂಕಣ್ಣ ಈ ಕತೆಯನ್ನು ತಾನೇ ಹೇಳಿ, ತಾನೇ ಮೊದಲು ನಗುತ್ತಾನೆ. ಆ ದಿನ ಮಾತ್ರ ಅವನ ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. ಮೂರನೇ ಮಹಡಿಯ ಅಮ್ಮ ಬಟ್ಟೆಯ ಬಕೆಟ್ಟಿನಲ್ಲಿ ಉಳಿದಿದ್ದ ಸೋಪಿನ ನೀರನ್ನು ಅವನ ಸೊಂಟದ ಸುತ್ತ ಸುರಿದು, “ಈಗ ಎಳೀಪ್ಪ” ಎಂದಾಗ ಅವನು ಜಾರಿಕೊಂಡು ಹೊರಬಂದ. ಅಷ್ಟರಲ್ಲಿ ತಾರಸಿಯ ತುಂಬ ಮಕ್ಕಳು ಸೇರಿದ್ದವು. “ಬಿರಡೆ ಅಂಕಲ್, ಬಿರಡೆ ಅಂಕಲ್” ಎಂದು ಕುಣಿದವು. ದೊಡ್ಡವರು ಮಕ್ಕಳನ್ನು ಗದರಿಸಿದರೇನೋ ಹೌದು, ಗದರಿಸುವಾಗ ಅವರ ತುಟಿಯೂ ನಗು ತಡೆಯಲಾರದೆ ನಡುಗುತ್ತಿತ್ತು. ಅವನು ತಲೆ ಎತ್ತದೆ ಬ್ರಷ್ಷು, ಹಗ್ಗ, ಬಕೆಟ್ಟು ಬಾಚಿಕೊಂಡು ಕೆಳಗಿಳಿದುಬಿಟ್ಟ. ಟ್ಯಾಂಕು ತೊಳೆಯದೆ ವಾಪಸು ಬಂದದ್ದು ಅವನ ಜೀವನದಲ್ಲಿ ಅದೇ ಮೊದಲು.

ಮನೆಗಳ ತಾರಸಿಯ ಮೇಲಿನ ನೀರಿನ ಟ್ಯಾಂಕು ತೊಳೆಯುವುದು ಅವನ ಕಸುಬು. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿಲ್ಲ, ಎಲ್ಲರಿಗೂ ಟ್ಯಾಂಕಣ್ಣ. ಹೆಂಡತಿಯ ತಮ್ಮ ಕಡ್ಡಿ ಅವನ ಜೊತೆಗಾರ. ಕಡ್ಡಿ ಮೇಲೆ ನಿಂತು ಹಗ್ಗ ಹಿಡಿಯುತ್ತಾನೆ, ಕೆಸರು ತುಂಬಿದ ಬಕೆಟ್ಟು ಎಳೆಯುತ್ತಾನೆ. ಟ್ಯಾಂಕಣ್ಣ ಒಳಗಿಳಿಯುತ್ತಾನೆ. ಇಳಿಯುವ ಮೊದಲು ಮುಚ್ಚಳ ತೆಗೆದು ಒಳಗೆ ಚೆನ್ನಾಗಿ ಗಾಳಿಯಾಡಲು ಬಿಡುತ್ತಾನೆ. ಆಮೇಲೆ ಟಾರ್ಚು ಕೊರಳಿಗೆ ನೇತುಹಾಕಿಕೊಂಡು, ಗೋಡೆಯ ಪಾಚಿಯನ್ನು ಬ್ರಷ್ಷಿನಿಂದ ಕೆರೆದು, ಮೂಲೆಗಳಿಗೆ ಬಟ್ಟೆ ಹಾಕಿ ಒರೆಸಿ, ಬ್ಲೀಚಿಂಗ್ ಪೌಡರ್ ಹಚ್ಚಿ, ಮತ್ತೆ ತೊಳೆದು ಬರುತ್ತಾನೆ.

ಹೊಟ್ಟೆಪಾಡಿನ ಕೆಲಸವೆಂದು ಅವನು ಹೇಳುತ್ತಾನಾದರೂ ಒಳಗಿಳಿದರೆ ಅವನು ಬೇರೆಯೇ ಮನುಷ್ಯ. ಹೊರಗೆ ಸುಡುವ ಬಿಸಿಲು, ಒಳಗೆ ತಂಪು. ಅಲ್ಲಿ ಸಣ್ಣಗೆ ಗುನುಗಿದರೂ ದನಿ ನಾಲ್ಕೂ ಗೋಡೆಗೆ ಬಡಿದು ದೊಡ್ಡದಾಗಿ ತಿರುಗಿ ಬರುತ್ತದೆ. ಹೊರಗೆ ನಾಲ್ಕು ಜನರೆದುರು ಬಾಯಿ ಬಿಡದ ಮನುಷ್ಯ, ಟ್ಯಾಂಕಿನೊಳಗೆ ಗಂಟಲು ಬಿಚ್ಚಿ ಹಾಡುತ್ತಿದ್ದ. ಕೆಳಗಿನ ಮನೆಗಳಲ್ಲಿ ಆ ಹಾಡು ನಲ್ಲಿಯೊಳಗಿಂದ ಬಂದಂತೆ ಕೇಳುತ್ತಿತ್ತು.

ಹಳೆಯ ಕಟ್ಟಡಗಳ ಟ್ಯಾಂಕುಗಳಿಗೆಲ್ಲ ಸಣ್ಣ ಚೌಕದ ಬಾಯಿ. ಅವನಿಗೆ ಸಿಗುತ್ತಿದ್ದ ಕೆಲಸದಲ್ಲಿ ಹೆಚ್ಚಿನದು ಆ ಕಟ್ಟಡಗಳದ್ದೇ. ಕಡ್ಡಿಯನ್ನು ಇಳಿಸಬಹುದಿತ್ತು, ಅವನು ಅಂಚೆಪೆಟ್ಟಿಗೆಯ ಬಾಯಲ್ಲೂ ನುಸುಳುವಂಥವನು. ಆದರೆ ಒಳಗೆ ಕಾಲಿಟ್ಟ ಕೂಡಲೇ ಕಡ್ಡಿಗೆ ಮೈ ಬೆವರುತ್ತಿತ್ತು.

“ಭಾವ, ಸಾಯೋ ತನಕ ಹಗ್ಗ ಹಿಡಿ ಅನ್ನಿ, ಹಿಡೀತೀನಿ. ಒಳಗೆ ಮಾತ್ರ ಕಳಿಸ್ಬೇಡಿ. ಕತ್ತಲು ಬಂದು ಎದೆ ಮೇಲೆ ಕೂತ ಹಾಗಾಗುತ್ತೆ.”

“ನಿನ್ನ ಎದೆ ಮೇಲೆ ಕೂರೋಕೆ ಅದಕ್ಕೆ ಜಾಗ ಎಲ್ಲಿದೆಯೋ?” ಎಂದ ಟ್ಯಾಂಕಣ್ಣ. ತಮಾಷೆ ಮಾಡಿದರೂ ಒಂದೇ ಯೋಚನೆ ಅವನನ್ನು ಬಿಡಲಿಲ್ಲ. ಇನ್ನು ಮುಂದೆ ತಾನು ಒಳಗೆ ಇಳಿಯುವಂತಿಲ್ಲವೆಂದರೆ ತಾನು ಎಂಥ ಟ್ಯಾಂಕಣ್ಣ?

ಹೊಟ್ಟೆ ಒಂದೇ ದಿನಕ್ಕೆ ಬಂದದ್ದಲ್ಲ. ಬೆಳಿಗ್ಗೆ ಏನೂ ತಿನ್ನದೆ ಹೊರಡುತ್ತಿದ್ದ. ಹೋದ ಕಡೆಯೆಲ್ಲ ಟೀ. ಕಟ್ಟಡಕ್ಕೆ ನೀರು ಕೊಡುವ ಮನುಷ್ಯ ಬಂದಿದ್ದಾನೆಂದು ಪ್ರತಿ ಮಹಡಿಯವರೂ ಬಾಗಿಲಲ್ಲಿ ನಿಲ್ಲಿಸಿ ಟೀ ಕೊಡುತ್ತಿದ್ದರು, ಜೊತೆಗೆ ಬಿಸ್ಕತ್ತು. ಮೂರನೇ ಮಹಡಿಯ ಅಮ್ಮನ ಟೀಯಂತೂ ಲೋಟದ ತಳದಲ್ಲಿ ಸಕ್ಕರೆ ಕರಗದೆ ಉಳಿದಿರುತ್ತಿತ್ತು. ಬೇಡವೆನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ರಾತ್ರಿ ಮನೆಗೆ ಬಂದು ಇಡೀ ದಿನದ ಊಟವನ್ನು ಒಂದೇ ಸಲ ಉಂಡು, ಕೈ ತೊಳೆದವನೇ ಮಲಗುತ್ತಿದ್ದ. ಹೊಟ್ಟೆ ಮುಂದೆ ಬರುತ್ತಾ ಬಂದಂತೆ ಅವನು ದೊಗಲೆ ಶರ್ಟು ಹೊಲಿಸಿದ. ಅದೂ ಸಾಲದೆ ಒಳಗೊಂದು ಬನಿಯನ್ನು, ಮೇಲೊಂದು ದಪ್ಪ ಬಟ್ಟೆಯ ಶರ್ಟು ಹಾಕತೊಡಗಿದ. ಕನ್ನಡಿಯ ಮುಂದೆ ಮುಖದಷ್ಟನ್ನೇ ನೋಡಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದ.

ಸಿಕ್ಕಿಕೊಂಡ ಮಾರನೆಯ ದಿನದಿಂದ ಅವನು ಊಟ ಬಿಟ್ಟ. ನಿಂಬೆಹಣ್ಣಿನ ನೀರು ಕುಡಿದು ಕೆಲಸಕ್ಕೆ ಹೋದ. ಹೆಂಡತಿ ತಟ್ಟೆ ಇಟ್ಟರೆ ಹಸಿವಿಲ್ಲವೆಂದ. ಹಾಗೆ ಕೆಲವು ದಿನ ಕಳೆದು ಒಂದು ಅಗಲ ಬಾಯಿಯ ಟ್ಯಾಂಕಿಗೆ ಇಳಿದವನಿಗೆ ಒಳಗೆ ಕಣ್ಣು ಕತ್ತಲೆ ಬಂತು. ಬ್ರಷ್ಷು ಕೈಬಿಟ್ಟು ಒದ್ದೆ ನೆಲದಲ್ಲೇ ಕುಸಿದು ಕುಳಿತ. ಹಾಡು ನಿಂತದ್ದು ಕೇಳಿ ಮೇಲಿದ್ದ ಕಡ್ಡಿಗೆ ಅನುಮಾನ ಬಂತು. ಕರೆದ, ಉತ್ತರ ಬರಲಿಲ್ಲ. ಕತ್ತಲೆಗೆ ಹೆದರುವ ಕಡ್ಡಿ ಆ ಗಳಿಗೆಯಲ್ಲಿ ಹೆದರುವುದನ್ನೇ ಮರೆತು ಒಳಗೆ ಧುಮುಕಿ, ಭಾವನ ಮುಖಕ್ಕೆ ನೀರು ಚಿಮುಕಿಸಿ, ಹೆಗಲು ಕೊಟ್ಟು ಏಣಿ ಹತ್ತಿಸಿದ.

ಹೆಂಡತಿ ಹೊಲಿಗೆಯಂಗಡಿಯಲ್ಲಿ ಗುಂಡಿ ಹಾಕುವ ಕೆಲಸದವಳು. ದಿನವಿಡೀ ತಲೆ ಬಗ್ಗಿಸಿ ಕೂರುವವಳಾದರೂ ಮಾತಿನಲ್ಲಿ ಯಾರಿಗೂ ಬಗ್ಗಿದವಳಲ್ಲ. ವಿಷಯ ತಿಳಿದು ಅವಳು ಮೊದಲು ಅತ್ತಳು, ಆಮೇಲೆ ಸೊಂಟಕ್ಕೆ ಕೈಯಿಟ್ಟು ನಿಂತಳು.

“ಏನ್ರೀ, ಯಾರೋ ನಾಲ್ಕು ಮಕ್ಕಳು ನಕ್ಕವು ಅಂತ ನೀವು ಟ್ಯಾಂಕಲ್ಲಿ ಮುಳುಗೋಕೆ ಹೊರಟ್ರಾ?”

“ನಗೋದು ಬಿಡೇ. ನನಗೇ ನನ್ನ ನೋಡಿದ್ರೆ ಅಸಹ್ಯ.”

“ನಿಮ್ಮ ಹೊಟ್ಟೆ ನೋಡಿ ನಾನು ನಿಮ್ಮನ್ನ ಕಟ್ಕೊಂಡಿಲ್ಲ, ಹೊಟ್ಟೆ ನೋಡಿ ಬಿಟ್ಟು ಹೋಗೋದೂ ಇಲ್ಲ. ಆದ್ರೆ ಉಪವಾಸ ಬಿದ್ದು ಸತ್ರೆ ಮಾತ್ರ ಆ ಕಡೆಯಿಂದ ಎಬ್ಬಿಸ್ಕೊಂಡು ಬಂದು ಬೈತೀನಿ.”

ಮಾರನೆಯ ದಿನ ಅವಳೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರಮ್ಮ ಪರೀಕ್ಷೆ ಮಾಡಿ, ರಕ್ತದೊತ್ತಡ ಸ್ವಲ್ಪ ಏರಿದೆ ಎಂದರು. ಊಟ ಬಿಡುವುದನ್ನು ಮೊದಲು ಬಿಡಿ ಎಂದರು. ಬೆಳಿಗ್ಗೆ ತಿಂದು ಹೊರಡಿ, ತಟ್ಟೆಯಲ್ಲಿ ತರಕಾರಿ ಹೆಚ್ಚಲಿ, ಸಕ್ಕರೆ ಇಳಿಯಲಿ, ನಡೆಯಿರಿ, ಬೇಗ ಮಲಗಿ. “ನಿಧಾನಕ್ಕೆ ಬಂದಿದ್ದು ನಿಧಾನಕ್ಕೇ ಹೋಗ್ಬೇಕು” ಎಂದರು. ಟ್ಯಾಂಕಣ್ಣನಿಗೆ ಮಾತ್ರೆ ಏನಾದರೂ ಕೊಡುತ್ತಾರೆಂದು ಆಸೆಯಿತ್ತು. ಬರಿಗೈಯಲ್ಲಿ ಬಂದ.

ಬರುವ ದಾರಿಯಲ್ಲಿ ಹೆಂಡತಿ ಗುಜರಿ ಅಂಗಡಿಯ ಮುಂದೆ ನಿಂತಳು. ಕೆಡವಿದ ಕಟ್ಟಡವೊಂದರ ಟ್ಯಾಂಕಿನ ಬಾಯಿಗೆ ಕೂರಿಸಿದ್ದ ಕಬ್ಬಿಣದ ಚೌಕಟ್ಟು ಅಲ್ಲಿ ಬಿದ್ದಿತ್ತು. ಹಳೆಯ ಟ್ಯಾಂಕುಗಳಿಗೆಲ್ಲ ಅದೇ ಅಳತೆ.

“ಇದ್ಯಾಕೆ?” ಎಂದ ಅವನು.

“ತೂಕದ ಮಿಷನ್ನು ನಿಮಗೆ ಏನು ಹೇಳುತ್ತೆ? ನಿಮಗೆ ಬೇಕಾಗಿರೋದು ಇದರೊಳಗೆ ತೂರೋದು ತಾನೆ? ಇದನ್ನೇ ಕೇಳೋಣ.”

ಆ ಸಂಜೆ ಮನೆಯಲ್ಲಿ ದೊಡ್ಡ ತಮಾಷೆಯೇ ನಡೆಯಿತು. ಹೆಂಡತಿ ಒಂದು ಕಡೆ, ಕಡ್ಡಿ ಒಂದು ಕಡೆ ಹಿಡಿದು ಚೌಕಟ್ಟನ್ನು ಅಂಗಿ ತೊಡಿಸುವಂತೆ ಟ್ಯಾಂಕಣ್ಣನ ತಲೆಯ ಮೇಲಿಂದ ಇಳಿಸಿದರು. ಹೊಟ್ಟೆಯ ಮೇಲೆ ಬಂದು ಕೂತಿತು. ಕಡ್ಡಿಗೆ ಇಳಿಸಿದರೆ ಎಲ್ಲೂ ತಡೆಯದೆ ನೇರ ಪಾದದ ಮೇಲೆ ಬಿದ್ದು ಅವನು ಒಂಟಿಗಾಲಲ್ಲಿ ಮನೆಯೆಲ್ಲ ಕುಣಿದ. ಹೆಂಡತಿ ತನಗೂ ಇಳಿಸಿಕೊಂಡಳು. ಸೊಂಟದ ಹತ್ತಿರ ಅದು ಅಲ್ಲಾಡದೆ ನಿಂತಿತು.

“ಅಕ್ಕಾ, ಇನ್ನು ಮೇಲೆ ಭಾವನಿಗೆ ಏನೂ ಅನ್ಬೇಡ” ಎಂದ ಕಡ್ಡಿ.

“ಸುಮ್ನಿರೋ. ಮೊದಲು ಇದನ್ನ ತೆಗಿ.” ಮೂವರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಟ್ಯಾಂಕಣ್ಣ ತನ್ನ ಹೊಟ್ಟೆ ಎಲ್ಲರ ಕಣ್ಣೆದುರು ಇರುವಾಗಲೇ ನಕ್ಕದ್ದು ಬಹಳ ಕಾಲದ ಮೇಲೆ.

ಅಂದಿನಿಂದ ಗಂಡಹೆಂಡಿರು ಬೆಳಗಿನ ಜಾವ ರೈಲು ಹಳಿಯ ಪಕ್ಕದ ರಸ್ತೆಯಲ್ಲಿ ನಡೆಯತೊಡಗಿದರು. ಅವಳಿಗೆ ಅವನ ಹೆಜ್ಜೆ ಹಿಡಿಯಲಾಗದು, ಅವನಿಗೆ ಅವಳ ಮಾತು ಹಿಡಿಯಲಾಗದು. ಬಂದು ಕೂತು ತಿಂದು ಹೊರಡುತ್ತಿದ್ದರು. ಅಗಲ ಬಾಯಿಯ ಟ್ಯಾಂಕುಗಳ ಕೆಲಸವನ್ನಷ್ಟೇ ಅವನು ಒಪ್ಪಿಕೊಂಡ, ಅಲ್ಲಿ ಲಿಫ್ಟಿದ್ದರೂ ಮೆಟ್ಟಿಲು ಹತ್ತಿದ. ರಾತ್ರಿಯ ಊಟ ಸಂಜೆಗೆ ಬಂತು.

ಕಷ್ಟವಾದದ್ದು ಟೀ. ಅದು ಹಸಿವಿನ ವಿಷಯವಲ್ಲ, ಮುಖದಾಕ್ಷಿಣ್ಯದ ವಿಷಯ. ಬೇಡವೆಂದರೆ ಕೊಡುವವರ ಮುಖ ಬಾಡುತ್ತದೆ. ಸಕ್ಕರೆ ಬೇಡವೆಂದರೆ, ಕಾಯಿಲೆಯೇ ಎಂದು ಇಡೀ ಮಹಡಿ ಸೇರಿ ವಿಚಾರಿಸುತ್ತದೆ. ಏನು ಮಾಡುವುದೆಂದು ಅವನು ನಡೆಯುವಾಗಲೆಲ್ಲ ಯೋಚಿಸಿದ. ಕೊನೆಗೆ ಒಂದು ದಿನ, ತೊಳೆದ ಟ್ಯಾಂಕಿಗೆ ಹೊಸ ನೀರು ತುಂಬಿದ ಮೇಲೆ, ಟೀ ಲೋಟ ಹಿಡಿದು ಬಾಗಿಲಿಗೆ ಬಂದ ಹೆಂಗಸಿಗೆ ಕೈಮುಗಿದು ಅಂದ:

“ಅಕ್ಕಾ, ಟೀ ಬೇಡ. ನಿಮ್ಮ ನಲ್ಲಿಯಿಂದ ಒಂದು ಲೋಟ ನೀರು ಕೊಡಿ. ನಾನು ತೊಳೆದ ಟ್ಯಾಂಕಿನ ನೀರು ಮೊದಲು ನಾನು ಕುಡಿದು ನೋಡ್ಬೇಕು. ನಾನೇ ಕುಡಿಯದ್ದನ್ನ ನಿಮಗೆ ಹೇಗೆ ಕುಡಿಸ್ಲಿ?”

ಆ ಹೆಂಗಸು ಬೆರಗಾಗಿ ನೋಡಿ, ನೀರು ತಂದುಕೊಟ್ಟಳು. ಅವನು ಗಟಗಟ ಕುಡಿದು, ಬಾಯಿ ಒರೆಸಿಕೊಂಡು, “ಚೆನ್ನಾಗಿದೆ” ಎಂದ. ಆ ಮಾತು ಮಹಡಿಯಿಂದ ಮಹಡಿಗೆ, ಬೀದಿಯಿಂದ ಬೀದಿಗೆ ಹೋಯಿತು. ತಾನು ತೊಳೆದ ಟ್ಯಾಂಕಿನ ನೀರನ್ನು ತಾನೇ ಮೊದಲು ಕುಡಿಯುವವನು ಎಂದು ಜನ ಹುಡುಕಿಕೊಂಡು ಬರತೊಡಗಿದರು. ಅವನು ಟೀ ತಪ್ಪಿಸಿಕೊಳ್ಳಲು ಹೂಡಿದ ಉಪಾಯವದು. ಆದರೆ ಆಡಿದ ಮೇಲೆ ಅದಕ್ಕೆ ಬದ್ಧನಾಗಲೇಬೇಕಾಯಿತು. ಮೂಲೆಗಳನ್ನು ಇನ್ನೊಮ್ಮೆ ಒರೆಸದೆ ಈಗ ಅವನಿಗೆ ಸಮಾಧಾನವಿಲ್ಲ.

ತಿಂಗಳಿಗೊಮ್ಮೆ ಚೌಕಟ್ಟು ಇಳಿಸಿ ನೋಡುತ್ತಿದ್ದರು. ಬೆರಳಷ್ಟು ಇಳಿಯುತ್ತಿತ್ತು. ಒಂದು ತಿಂಗಳು ಅಷ್ಟೂ ಇಳಿಯಲಿಲ್ಲ. ಅವನು ಸಿಟ್ಟಿನಿಂದ ಅದನ್ನು ಹಿತ್ತಲಿಗೆ ಎಸೆದ. ಹೆಂಡತಿ ಅದರ ಮೇಲೆ ಒದ್ದೆ ಚೀಲಗಳನ್ನು ಒಣಹಾಕಿದಳು. ಮಾರನೆಯ ಬೆಳಿಗ್ಗೆ ಎಂದಿನಂತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಳು. ಅವನೂ ಹೊರಟ. ಮುಂದಿನ ತಿಂಗಳು ಚೀಲಗಳನ್ನು ಅವನೇ ತೆಗೆದು ಚೌಕಟ್ಟು ಒಳಗೆ ತಂದ. ಹೀಗೇ ಬಿಸಿಲು ಹೋಗಿ ಚಳಿ ಬಂತು. ಬನಿಯನ್ನಿನಲ್ಲಿ ನಿಂತಿದ್ದ ಒಂದು ಸಂಜೆ ಚೌಕಟ್ಟು ಹೊಟ್ಟೆಯನ್ನು ಸವರಿಕೊಂಡು ಕೆಳಗಿಳಿದು ನೆಲ ಮುಟ್ಟಿತು. ಹೊಟ್ಟೆ ಮಾಯವಾಗಿರಲಿಲ್ಲ. ಇತ್ತು, ಸ್ವಲ್ಪ ಜೋತುಬಿದ್ದಿತ್ತು ಕೂಡ. ದಾರಿ ಬಿಟ್ಟಿತ್ತು, ಅಷ್ಟೇ.

ಮರುದಿನವೇ ಅವನು ಹಿಂದೆ ತಾನು ಸಿಕ್ಕಿಕೊಂಡಿದ್ದ ಕಟ್ಟಡಕ್ಕೆ ಹೋದ. ತಾರಸಿಯಲ್ಲಿ ಮೂರನೇ ಮಹಡಿಯ ಅಮ್ಮ ಬಟ್ಟೆ ಹರವುತ್ತಿದ್ದರು, ಇನ್ನಿಬ್ಬರು ಹೆಂಗಸರಿದ್ದರು, ರಜೆಯ ಮಕ್ಕಳೂ ಇದ್ದವು. ಟ್ಯಾಂಕು ಬರಿದು ಮಾಡಿ, ಮುಚ್ಚಳ ತೆಗೆದು ಗಾಳಿಯಾಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಾಲು ಇಳಿಬಿಟ್ಟ. ಪಾದ, ಮೊಣಕಾಲು, ತೊಡೆ. ಹೊಟ್ಟೆಯ ಹತ್ತಿರ ಬಂದು ಮತ್ತೆ ನಿಂತ. ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡವು.

ಕಡ್ಡಿ ಬಗ್ಗಿ ಕಿವಿಯಲ್ಲಿ ಹೇಳಿದ: “ಭಾವ, ಮನೇಲಿ ಬನಿಯನ್ನಲ್ಲಿ ಅಲ್ವಾ ದಾಟಿದ್ದು? ಈ ಕಂಬಳಿಯಂಥ ಶರ್ಟು ಯಾಕೆ?”

ಟ್ಯಾಂಕಣ್ಣ ಸುರುಳಿ ಸುತ್ತಿಕೊಂಡು ಕಬ್ಬಿಣಕ್ಕೆ ಒತ್ತಿ ನಿಂತಿದ್ದ ಶರ್ಟನ್ನು ಮುಟ್ಟಿ ನೋಡಿದ. ಆ ಸಲವೂ ಇದೇ ಶರ್ಟು. ಮೇಲೆ ಬಂದು, ಎಲ್ಲರ ಮುಂದೆ ಒಂದೊಂದೇ ಗುಂಡಿ ಬಿಚ್ಚಿದ. ಬಿಸಿಲು ಕಾಣದೆ ಬಿಳಿಚಿದ್ದ ಹೊಟ್ಟೆ ತೆಳು ಬನಿಯನ್ನಿನೊಳಗಿಂದ ಎದ್ದು ಕಾಣುತ್ತಿತ್ತು. ಕೈ ಅಡ್ಡ ಇಡಲಿಲ್ಲ.

“ಆವತ್ತು ನಾನು ಸಿಕ್ಕಿಕೊಂಡಿದ್ದು ಬರೀ ಹೊಟ್ಟೆಯಿಂದ ಅಲ್ವೋ ಕಡ್ಡಿ. ಅರ್ಧ ಹೊಟ್ಟೆ, ಅರ್ಧ ನಾಚಿಕೆ.”

ಮೂರನೇ ಮಹಡಿಯ ಅಮ್ಮ ಮುಂದೆ ಬಂದು ಕೈಚಾಚಿದರು. “ಶರ್ಟು ಇಲ್ಲಿ ಕೊಡಣ್ಣ, ನೆಲದ ಮೇಲಿಟ್ರೆ ಕೊಳೆಯಾಗುತ್ತೆ. ತಂತಿ ಮೇಲೆ ಹಾಕ್ತೀನಿ.”

ಅವನು ಇಳಿದ. ಪಾದ, ಮೊಣಕಾಲು, ತೊಡೆ, ಹೊಟ್ಟೆ, ಎದೆ, ಕೊನೆಗೆ ತಲೆ. ಆಮೇಲೆ ಬ್ರಷ್ಷಿನ ಸದ್ದು, ಅದರ ಹಿಂದೆಯೇ ಹಾಡು. ಮಕ್ಕಳು ಟ್ಯಾಂಕಿನ ಗೋಡೆಗೆ ಕಿವಿಯಿಟ್ಟು ಕೇಳಿದವು. ಒಂದು ಮಗು, “ಬಿರಡೆ ಅಂಕಲ್, ಇನ್ನೊಂದು ಹಾಡಿ!” ಎಂದು ಕೂಗಿತು. “ಬಕೆಟ್ಟು ಖಾಲಿಯಾಗಿ ಬರ್ಲಿ, ಹಾಡ್ತೀನಿ” ಎಂದು ಒಳಗಿನಿಂದ ನಾಲ್ಕು ಗೋಡೆಯ ದನಿ ಬಂತು.

ಹೊಸ ನೀರು ತುಂಬಿದ ಮೇಲೆ ಮೂರನೇ ಮಹಡಿಯ ಮನೆಯಲ್ಲಿ ಒಂದು ಲೋಟ ನೀರು ಕುಡಿದು, ಶರ್ಟನ್ನು ಹೆಗಲ ಮೇಲೆ ಹಾಕಿಕೊಂಡೇ ಬೀದಿಯಲ್ಲಿ ನಡೆದು ಮನೆಗೆ ಬಂದ. ಹೆಂಡತಿ ತರಕಾರಿ ಹೆಚ್ಚುತ್ತಿದ್ದಳು. ಅವನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

“ಊರ ಟ್ಯಾಂಕೆಲ್ಲ ತೊಳೆದಿದ್ದಾಯ್ತಲ್ಲ. ನಮ್ಮ ಅಡುಗೆಮನೆ ಡ್ರಮ್ಮಿನ ತಳದಲ್ಲಿ ಕೈ ಹಾಕಿದ್ರೆ ಜಾರುತ್ತೆ, ನೋಡಿದ್ದೀರಾ?”

“ಅದರ ಬಾಯಿ ದೊಡ್ಡದಿದೆ ಬಿಡೇ” ಎಂದ ಟ್ಯಾಂಕಣ್ಣ. ಡ್ರಮ್ಮನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಮಗುಚಿ ನೀರು ಚೆಲ್ಲಿದ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ತೋಳು ಒಳಗೆ ಹಾಕಿ, ಬ್ರಷ್ಷಿನಿಂದ ತಳ ತಿಕ್ಕತೊಡಗಿದ.