ಸುರಂಗದ ಎರಡು ತುದಿಯ ಊಟ

ಎವರಿಸ್ತೊನನ್ನು ನಾನು ಮೊದಲು ಕಂಡದ್ದು ಕರಕೋಲೆಸ್ ಸ್ಟೇಷನ್ನಿನಲ್ಲಿ, ಅಲ್ಲಿನ ಪುಟ್ಟ ಶಾಲೆಗೆ ಮಾಸ್ತರನಾಗಿ ರೈಲಿಳಿದ ದಿನ. ಹೆಗಲ ಮೇಲೆ ಸುತ್ತಿಗೆ, ಕೈಯಲ್ಲಿ ಕಂದೀಲು, ಎಲ್ಲಕ್ಕಿಂತ ಮುಂದೆ ದುಂಡನೆಯ ಹೊಟ್ಟೆ. ಗಂಟೆ ಎಷ್ಟೆಂದು ಕೇಳಿದೆ.

“ಯಾವ ಕಡೇದು ಬೇಕು ಮೇಷ್ಟ್ರೇ? ಈಚೇದೋ, ಆಚೇದೋ?” ಎಂದ.

ಅದು ತಮಾಷೆಯಾಗಿರಲಿಲ್ಲ. ಚಿಲಿಯವರೂ ಅರ್ಜೆಂಟೀನಾದವರೂ ಆಂಡಿಸ್ ಬೆಟ್ಟವನ್ನು ಎರಡು ಕಡೆಯಿಂದ ಕೊರೆದು ನಡುವೆ ಸಂಧಿಸಿದ ಸುರಂಗ ನಮ್ಮದು. ಈಚೆ, ಚಿಲಿಯ ಬಾಯಲ್ಲಿ ಹನ್ನೊಂದಾದರೆ ಆಚೆ, ಅರ್ಜೆಂಟೀನಾದ ಬಾಯಲ್ಲಿ ಹನ್ನೆರಡು. ಎವರಿಸ್ತೊ ಆ ಸುರಂಗದ ಗ್ಯಾಂಗ್‌ಮನ್. ದಿನವೂ ಹಳಿಗಳನ್ನು ತಟ್ಟಿ ನೋಡುತ್ತ ಆಚೆಗೆ ನಡೆದು, ಎಲ್ಲ ನೆಟ್ಟಗಿದೆಯೆಂದು ಅಲ್ಲಿ ತಿಳಿಸಿ ಹಿಂದಿರುಗುವುದು ಅವನ ಕೆಲಸ.

ಆಚೆಯ ಲಾಸ್ ಕ್ವೇವಾಸ್‌ನಲ್ಲಿ ನೀಲ್ದಾ ಇದ್ದಳು, ಸಿಗ್ನಲ್‌ನವನ ಹೆಂಡತಿ. ಅವಳ ಚೊಚ್ಚಲ ಮಗುವಿನ ಜ್ಞಾನಸ್ನಾನದಲ್ಲಿ ಮಗುವನ್ನೆತ್ತಿ ನಿಂತವನು ಎವರಿಸ್ತೊ. ಅಂಥ ನೆಂಟ ಬಾಗಿಲಿಗೆ ಬಂದು ಉಣ್ಣದೆ ಹೋದರೆ ನೆಂಟಸ್ತನವೇ ಮುರಿದಂತೆ. ಅವರ ಹನ್ನೆರಡಕ್ಕೆ ಅವಳು ಕೆಂಡದಲ್ಲಿ ಸುಟ್ಟ ಮಾಂಸ ಬಡಿಸುವಳು. ಉಂಡು ಸುರಂಗ ದಾಟಿ ಮನೆ ಸೇರುವ ಹೊತ್ತಿಗೆ ಈಚೆ ಹನ್ನೆರಡು. ಹೆಂಡತಿ ಉಬಾಲ್ದಿನಾ, ಪಾಪ, ಬೆಳಗಿನಿಂದ ಹಸಿದಿರುತ್ತಾನೆಂದು ಮರುಗುತ್ತ ಕೋಳಿ, ಕುಂಬಳ, ಎಳೆಜೋಳದ ಸಾರು ಮುಂದಿಡುವಳು. ಅವಳ ಸಾರನ್ನು ಅರ್ಧಕ್ಕೆ ಬಿಟ್ಟವನಿಗೆ ವಾರವೆಲ್ಲ ಮುಖ ಕೊಡುವವಳಲ್ಲ. ಅದನ್ನೂ ಬಳಿದು ಉಣ್ಣುವನು. ಆಚೆಯ ಊಟದ ಸುದ್ದಿಯನ್ನು ಮಾತ್ರ ಎತ್ತನು. ಈಚೆಯ ಲೆಕ್ಕದಲ್ಲಿ ಅದು ಹನ್ನೊಂದು, ಹನ್ನೊಂದಕ್ಕೆ ಯಾರಾದರೂ ಊಟ ಮಾಡುತ್ತಾರೆಯೇ, ಆದ್ದರಿಂದ ಅದು ಊಟವಲ್ಲ ಎಂಬುದು ಅವನ ಸಮಾಧಾನ.

ಹೀಗೆ ನೆಮ್ಮದಿಯಾಗಿದ್ದಾಗ, ಬೇಸಿಗೆಯಲ್ಲಿ ಬೆಳಕು ಉಳಿಸಬೇಕೆಂದು ಚಿಲಿ ಸರ್ಕಾರ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿತು. ಎರಡು ದೇಶಕ್ಕೂ ಹನ್ನೆರಡು ಒಟ್ಟಿಗೇ ಹೊಡೆಯಿತು. ನಾಡಿಗೆಲ್ಲ ಬೆಳಕು, ಎವರಿಸ್ತೊ ಒಬ್ಬನಿಗೆ ಕತ್ತಲೆ. ಯಾರ ಹನ್ನೆರಡನ್ನು ಬಿಟ್ಟರೂ ಒಬ್ಬಳ ಮುನಿಸು ಖಂಡಿತ.

ಮೊದಲ ದಿನ ನೀಲ್ದಾಳಲ್ಲಿ ಉಂಡು ಓಡೋಡಿ ಬಂದ. ಸಾರು ಆರಿತ್ತು. ಸುರಂಗದಲ್ಲಿ ಕಲ್ಲು ಬಿದ್ದಿತ್ತೆಂದ. ಮರುದಿನ ಇನ್ನೂ ತಡವಾಯಿತು, ಕಲ್ಲು ಬಂಡೆಯಾಯಿತು. ಆಮೇಲೆ ಛಾವಣಿಯೇ ಕುಸಿಯತೊಡಗಿತು. ಒಂದು ದಿನ ಉಬಾಲ್ದಿನಾ, ಗಂಡ ಎಲ್ಲಿ ಅಪ್ಪಚ್ಚಿಯಾಗುವನೋ ಎಂದು ಸಾರಿನ ಪಾತ್ರೆಗೆ ಬಟ್ಟೆ ಸುತ್ತಿ, ಕಂದೀಲು ಹಿಡಿದು ಸುರಂಗದೊಳಕ್ಕೆ ನಡೆದಳು. ನಡುವಿನ ಗಡಿ ದಾಟಿದರೂ ಬಂಡೆಯಿರಲಿ, ಒಂದು ಹರಳೂ ಇಲ್ಲ. ಆಚೆ ಹೊರಬಂದವಳು ಸುಟ್ಟ ಮಾಂಸದ ವಾಸನೆಯ ಹಿಂದೆಯೇ ಹೋದಳು. ಗಂಡ ಕೊರಳಿಗೆ ಬಟ್ಟೆ ಕಟ್ಟಿಕೊಂಡು ತಟ್ಟೆಯ ಮುಂದೆ ಕೂತಿದ್ದ.

“ಬಂಡೆ ಬಿದ್ದಿದೆ ಅಂದ್ಯಲ್ಲೋ ಮುದುಕಾ?”

ಎವರಿಸ್ತೊ ತಟ್ಟೆಯನ್ನೇ ನೋಡಿದ. “ತೆಗೀತಾ ಇದೀನಿ ಕಣೇ” ಎಂದ.

ನೀಲ್ದಾ ಬಾಯಿ ಹಾಕಿದಳು. “ಮನೇಲಿ ಹೊಟ್ಟೆ ತುಂಬ ಹಾಕಲ್ವೇನೋ ಅಂದ್ಕೊಂಡಿದ್ದೆ ಅಕ್ಕಾ.”

ಉಬಾಲ್ದಿನಾ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿ ಮುಚ್ಚಳ ತೆಗೆದಳು. “ಮೊದಲು ಇದನ್ನ ತಿಂದು ನೋಡು. ಆಮೇಲೆ ಮಾತಾಡು.”

ನೀಲ್ದಾ ತಿಂದು ಇನ್ನೊಂದು ಸಲ ಬಡಿಸಿಕೊಂಡಳು. ಉಬಾಲ್ದಿನಾ ಮಾಂಸದಲ್ಲಿ ತಪ್ಪು ಹುಡುಕಿ ಹುಡುಕಿ, ಕೊನೆಗೆ ಉಪ್ಪು ಕಡಿಮೆಯೆಂದಳು. ಸಂಜೆಯವರೆಗೆ ಇಬ್ಬರ ಮಾತು ಮುಗಿಯಲಿಲ್ಲ. ತೀರ್ಪು ಮಾತ್ರ ಬೇಗ ಬಂತು: ಅವನಿಗೆ ದಿನಕ್ಕೆ ಒಂದೇ ಊಟ, ಒಂದು ದಿನ ಆಚೆ, ಒಂದು ದಿನ ಈಚೆ. ಅಂದಿನಿಂದ ಅವನು ಅಕ್ಕನ ಸಾರನ್ನು ತಂಗಿಗೂ ತಂಗಿಯ ಮಾಂಸವನ್ನು ಅಕ್ಕನಿಗೂ ಹೊತ್ತು, ಎರಡರ ವಾಸನೆ ಕುಡಿಯುತ್ತ ಸುರಂಗ ದಾಟಿದ. ಹೊಟ್ಟೆ ಇಳಿಯಿತು.

ಮುಂದೆ ಒಂದು ಚಳಿಗಾಲ ಹಿಮ ಕುಸಿದು ಕೆಳಗಿನ ಹಳಿಯನ್ನು ಕೊಚ್ಚಿಕೊಂಡು ಹೋಯಿತು. ಮತ್ತೆ ಯಾರೂ ಕಟ್ಟಲಿಲ್ಲ. ಎವರಿಸ್ತೊ ಈಗ ಬೆಟ್ಟದ ಬುಡದ ಲಾಸ್ ಆಂಡಿಸ್ ಪಟ್ಟಣದಲ್ಲಿದ್ದಾನೆ. ಅಡುಗೆಮನೆಯ ಗೋಡೆಗೆ ಎರಡು ಗಡಿಯಾರಗಳು, ಸರ್ಕಾರ ಏನೇ ತಿರುಗಿಸಲಿ, ಹಳೆಯ ಒಂದು ಗಂಟೆಯ ಅಂತರದಲ್ಲೇ. ಆಚೆಯದು ಹನ್ನೆರಡು ಹೊಡೆದಾಗ ಉಬಾಲ್ದಿನಾ ಪುಟ್ಟ ತಟ್ಟೆಯಲ್ಲಿ ಸುಟ್ಟ ಮಾಂಸವಿಟ್ಟು, ಬಟ್ಟೆ ಒಣಹಾಕುವ ನೆಪದಲ್ಲಿ ಹಿತ್ತಲಿಗೆ ಹೋಗುತ್ತಾಳೆ. ಈಚೆಯದು ಹನ್ನೆರಡು ಹೊಡೆದಾಗ ಒಳಗೆ ಬಂದು, ಹಸಿವಾಯಿತೇ ಎಂದು ಕೇಳುತ್ತಾಳೆ.

“ಬೆಳಗ್ಗೆಯಿಂದ ಏನೂ ಇಲ್ಲ ಕಣೇ” ಎನ್ನುತ್ತ ಅವನು ಬಾಯಿ ಒರೆಸಿಕೊಳ್ಳುತ್ತಾನೆ.